ದುಬೈಗೆ ಸಂಸಾರ ಸಮೇತ ಹೋಗಲು 16,000 ದಿರಂ ಸಂಬಳ ಸಾಕಾ?

ಯಲಹಂಕದವ:

ಎಲ್ಲರಿಗೂ ನಮಸ್ಕಾರ. ದುಬೈನಲ್ಲಿ ಸಂಸಾರ ಇಟ್ಟುಕೊಂಡು ಇರುವವರು ದಯವಿಟ್ಟು ದಾರಿ ತೋರಿಸಿ.

ಅಲ್ಲಿನ ಒಂದು ಲಾಜಿಸ್ಟಿಕ್ಸ್ ಕಂಪನಿಯಿಂದ ಆಫರ್ ಬಂದಿದೆ. ತಿಂಗಳಿಗೆ ಎಲ್ಲಾ ಸೇರಿ 16,000 ದಿರಂ. ಅದರಲ್ಲಿ ಬೇಸಿಕ್ 7,000, ಉಳಿದದ್ದೆಲ್ಲ ಅಲವೆನ್ಸ್. ನನ್ನ ವೀಸಾ ಮತ್ತು ನನ್ನ ಇನ್ಶೂರೆನ್ಸ್ ಕಂಪನಿಯದು, ಹೆಂಡತಿ ಮಕ್ಕಳದ್ದು ನಾನೇ ನೋಡಿಕೊಳ್ಳಬೇಕು. ಆಫೀಸು ಏರ್‌ಪೋರ್ಟ್ ಫ್ರೀ ಝೋನ್ ಹತ್ತಿರ. ಜನವರಿಯಲ್ಲಿ ಬಂದು ಸೇರಿ ಅನ್ನುತ್ತಿದ್ದಾರೆ.

ಮಗಳು ನಾಲ್ಕನೇ ಕ್ಲಾಸು, ಸಿಬಿಎಸ್‌ಇ. ಮಗನಿಗೆ ಈಗಷ್ಟೇ ನಾಲ್ಕು ತುಂಬಿದೆ. ಹೆಂಡತಿ ಇಲ್ಲಿ ಟೀಚರ್, ಬರುವುದಾದರೆ ಕೆಲಸ ಬಿಡಬೇಕು. ಯಲಹಂಕದ ಫ್ಲಾಟಿನ ಮೇಲೆ ಸಾಲ ಇದೆ, ಇಎಂಐ 46,000 ರೂಪಾಯಿ. ಬಾಡಿಗೆಗೆ ಕೊಟ್ಟರೆ 26,000 ಬರಬಹುದು.

ನಾನು ಹಾಕಿದ ಲೆಕ್ಕ ಇಷ್ಟು: ಬಾಡಿಗೆ 5,000, ಸ್ಕೂಲು 1,500, ಊಟ ತಿಂಡಿ 2,000, ಉಳಿದ ಖರ್ಚು 1,500. ಅಲ್ಲಿಗೆ 10,000 ಆಯಿತು, 6,000 ಉಳಿಯುತ್ತದೆ. ದಿರಂಗೆ ಸುಮಾರು 24 ರೂಪಾಯಿ ಹಿಡಿದರೂ ಒಂದೂವರೆ ಲಕ್ಷದ ಹತ್ತಿರ. ಅಲ್ಲೇ ಇದ್ದು ಬಂದ ನಮ್ಮ ಭಾವ ಮಾತ್ರ ಈ ಸಂಬಳಕ್ಕೆ ಫ್ಯಾಮಿಲಿ ಕರೆದುಕೊಂಡು ಹೋಗಲೇಬೇಡ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ ಹೇಳಿ.

---

ಕುಡ್ಲ ಟು ಕುಸೈಸ್:

ನಿಮ್ಮ ಲೆಕ್ಕ ತಿಂಗಳಿನದು. ದುಬೈ ಖರ್ಚು ವರ್ಷದ್ದು. ಮುಖ್ಯ ತೊಂದರೆ ಇರುವುದೇ ಅಲ್ಲಿ ಮಾರಾಯ್ರೇ. ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ದೊಡ್ಡ ಖರ್ಚುಗಳು ಮಾತ್ರ ಮೊದಲೇ ಒಟ್ಟಿಗೆ ಬಂದು ನಿಲ್ಲುತ್ತವೆ.

ಬಾಡಿಗೆಯಿಂದ ಶುರು ಮಾಡೋಣ. ಇಲ್ಲಿ ಬಾಡಿಗೆ ಹೇಳುವುದೇ ವರ್ಷಕ್ಕೆ ಇಷ್ಟು ಅಂತ, ಕೊಡುವುದು ಮುಂದಿನ ತಾರೀಖಿನ ಚೆಕ್‌ಗಳಲ್ಲಿ. ಒಂದು, ಎರಡು, ನಾಲ್ಕು, ಆರು, ಅಪರೂಪಕ್ಕೆ ಹನ್ನೆರಡು. ಚೆಕ್ ಕಡಿಮೆಯಾದಷ್ಟೂ ಬಾಡಿಗೆ ಸ್ವಲ್ಪ ಇಳಿಸುತ್ತಾರೆ. ನಿಮ್ಮ ಆಫೀಸಿಗೆ ಕುಸೈಸ್, ಅಲ್ ನಹ್ದಾ ಹತ್ತಿರ, ಮೆಟ್ರೋ ಗ್ರೀನ್ ಲೈನ್ ಇದೆ. ಇಲ್ಲಿ ಹಳೆ ಕಟ್ಟಡದಲ್ಲಿ ಸಾಧಾರಣ ಟು ಬಿಎಚ್‌ಕೆಗೆ 80,000 ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಕೇಳುವವರೇ ಹೆಚ್ಚು. ನಾಲ್ಕು ಚೆಕ್ ಆದರೆ ಮೊದಲ ಚೆಕ್ 20,000. ಡಿಪಾಸಿಟ್ 5%, ಅಂದರೆ 4,000. ಏಜೆಂಟ್ ಕಮಿಷನ್ 5%, ಅದರ ಮೇಲೆ ವ್ಯಾಟ್, ಒಟ್ಟು 4,200. ಕರಂಟು ನೀರು ಕೊಡುವ ದೇವಾ (DEWA) ಸಂಸ್ಥೆಗೆ ಡಿಪಾಸಿಟ್ ಅಪಾರ್ಟ್‌ಮೆಂಟಿಗೆ 2,000. ಬಾಡಿಗೆ ಕರಾರನ್ನು ಎಜಾರಿಯಲ್ಲಿ ನೋಂದಾಯಿಸಲು ಇನ್ನೂರು ಚಿಲ್ಲರೆ. ಕೀ ಕೈಗೆ ಬರುವ ಮೊದಲೇ 30,000 ದಿರಂ ದಾಟಿತು, ಒಳಗೆ ಒಂದು ಚಾಪೆಯೂ ಇಲ್ಲ. ಇಲ್ಲಿನ ಅನ್‌ಫರ್ನಿಶ್ಡ್ ಮನೆಯಲ್ಲಿ ಸಾಮಾನ್ಯವಾಗಿ ಫ್ರಿಜ್, ಒಲೆ, ವಾಷಿಂಗ್ ಮಷೀನ್ ಇರುವುದಿಲ್ಲ. ಡುಬಿಝಲ್ ಅನ್ನುವ ಜಾಹೀರಾತು ಸೈಟಿನಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಿದರೂ ಮಂಚ, ಹಾಸಿಗೆ ಎಲ್ಲಾ ಸೇರಿ ಆರೇಳು ಸಾವಿರ ಹಿಡಿಯಿರಿ.

ಇದರ ಮೇಲೆ ಹೆಂಡತಿ ಮಕ್ಕಳ ವೀಸಾ, ಎಮಿರೇಟ್ಸ್ ಐಡಿ, ಇನ್ಶೂರೆನ್ಸ್. ಮೂವರಿಗೂ ಸೇರಿ 10,000ದ ಆಸುಪಾಸು. ದುಬೈನಲ್ಲಿ ಕಂಪನಿ ತನ್ನ ನೌಕರನಿಗೆ ಇನ್ಶೂರೆನ್ಸ್ ಕೊಡಲೇಬೇಕು, ಆದರೆ ಮನೆಯವರದ್ದು ಸ್ಪಾನ್ಸರ್ ಮಾಡುವವನ ಜವಾಬ್ದಾರಿ. ಇಬ್ಬರು ಮಕ್ಕಳ ಮೊದಲ ಕಂತಿನ ಫೀಸು ಬೇರೆ. ಎಲ್ಲಾ ಕೂಡಿದರೆ ಮೊದಲ ಎರಡು ಮೂರು ತಿಂಗಳಲ್ಲೇ 55ರಿಂದ 60 ಸಾವಿರ ದಿರಂ ಕೈಯಿಂದ ಹೋಗುತ್ತದೆ. 13-14 ಲಕ್ಷ ರೂಪಾಯಿ! ಇದು ಉಳಿತಾಯದಲ್ಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇಲ್ಲಿ ಬಂದು ಪರ್ಸನಲ್ ಲೋನ್ ಮಾಡಿ ಮನೆ ಹಿಡಿಯುವ ಆಲೋಚನೆ ಇದ್ದರೆ ಕೈಮುಗಿದು ಹೇಳುತ್ತೇನೆ, ಬೇಡ. ಊರಿನ ಇಎಂಐ ಜೊತೆಗೆ ಇಲ್ಲಿನ ಕಂತೂ ಸೇರಿಕೊಂಡರೆ ಉಸಿರಾಡುವುದು ಕಷ್ಟ.

ನಿಮ್ಮ ಲೆಕ್ಕದಲ್ಲಿ ಇಲ್ಲದ ಇನ್ನೊಂದು, ಹೌಸಿಂಗ್ ಫೀ. ವರ್ಷದ ಬಾಡಿಗೆಯ 5% ಮೊತ್ತವನ್ನು ಹನ್ನೆರಡು ಭಾಗ ಮಾಡಿ ದೇವಾ ಬಿಲ್ಲಿನಲ್ಲೇ ಹಾಕುತ್ತಾರೆ. 80,000ದ ಮನೆಗೆ ತಿಂಗಳಿಗೆ 333. ಮನೆ ನೋಡುವಾಗ ಎಸಿ ಯಾರದ್ದು ಅಂತ ಕೇಳಿ. ಚಿಲ್ಲರ್ ಫ್ರೀ ಅಂದರೆ ಎಸಿಯ ಖರ್ಚು ಓನರ್‌ದು. ಇಲ್ಲದಿದ್ದರೆ ಕೂಲಿಂಗ್ ಕಂಪನಿಗೆ ಬೇರೆ ಡಿಪಾಸಿಟ್, ಬೇರೆ ಬಿಲ್ಲು ಇರಬಹುದು. ಜುಲೈ ಆಗಸ್ಟ್‌ನಲ್ಲಿ ಎಸಿ ಆರಿಸುವ ಮಾತೇ ಇಲ್ಲ, ಹಾಗಾಗಿ 4,000 ಜಾಸ್ತಿ ಬಾಡಿಗೆಯ ಚಿಲ್ಲರ್ ಫ್ರೀ ಮನೆಯೇ ಎಷ್ಟೋ ಸಲ ಅಗ್ಗ.

ಮೊದಲು ನೀವೊಬ್ಬರೇ ಬನ್ನಿ. ಎಮಿರೇಟ್ಸ್ ಐಡಿ ಬಂದು, ಬ್ಯಾಂಕ್ ಖಾತೆ ಆಗಿ, ಚೆಕ್ ಬುಕ್ ಸಿಗುವವರೆಗೆ ಮನೆ ಹಿಡಿಯುವುದೇ ಕಷ್ಟ. ಹೊಸಬರಿಗೆ ಕೆಲವು ಬ್ಯಾಂಕುಗಳು ಚೆಕ್ ಹಾಳೆ ಕೊಡುವುದೂ ಕಡಿಮೆ. ಅಲ್ಲಿಯವರೆಗೆ ಕರಾಮಾ, ದೇರಾ ಕಡೆ ಶೇರಿಂಗ್‌ನಲ್ಲಿ ಇರಬಹುದು. ಅನುಮತಿ ಇಲ್ಲದ ಪಾರ್ಟಿಷನ್ ರೂಮಿಗೆ ಮಾತ್ರ ಹೋಗಬೇಡಿ, ಮುನ್ಸಿಪಾಲಿಟಿಯವರು ಬಂದರೆ ಖಾಲಿ ಮಾಡಬೇಕಾಗುತ್ತದೆ.

---

ಶಾರ್ಜಾ ಸಂಸಾರ:

ಕುಸೈಸ್‌ನವರು ಶಾರ್ಜಾ ಹೆಸರೇ ಎತ್ತಲಿಲ್ಲ. ದುಬೈ ವೀಸಾ ಇದ್ದರೂ ಶಾರ್ಜಾದಲ್ಲಿ ಮನೆ ಮಾಡಬಹುದು. ನಮ್ಮ ಕಡೆಯ ಎಷ್ಟೋ ಸಂಸಾರಗಳು ಹಾಗೇ ಇವೆ. ಶಾರ್ಜಾದ ಅಲ್ ನಹ್ದಾ ಇರುವುದೇ ದುಬೈ ಅಲ್ ನಹ್ದಾದ ಪಕ್ಕದಲ್ಲಿ. ದುಬೈನಲ್ಲಿ ಒಂದು ಬೆಡ್‌ರೂಮಿಗೆ ಕೊಡುವ ದುಡ್ಡಿಗೆ ಇಲ್ಲಿ ಎರಡು ಬೆಡ್‌ರೂಮ್ ಸಿಗುತ್ತದೆ. ಸ್ಕೂಲ್ ಫೀಸೂ ಸ್ವಲ್ಪ ಕಡಿಮೆ.

ಬದಲಿಗೆ ಕೊಡಬೇಕಾದದ್ದು ಸಮಯ. ಬೆಳಿಗ್ಗೆ ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್ ನಿಜಕ್ಕೂ ಕೆಟ್ಟದ್ದು, ಶಾರ್ಜಾಗೆ ಮೆಟ್ರೋ ಇಲ್ಲ. ಇವರ ಆಫೀಸು ಗಡಿಗೆ ಹತ್ತಿರ ಇರುವುದರಿಂದ ನಡೆಯುತ್ತದೆ. ಆಫೀಸು ದುಬೈನ ಇನ್ನೊಂದು ತುದಿಯ ಜೆಬೆಲ್ ಅಲಿ ಕಡೆ ಇದ್ದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಕಾರು ತೆಗೆದುಕೊಳ್ಳೋಣ ಅಂದುಕೊಂಡಿದ್ದರೆ ಒಂದು ಮಾತು. ನಮ್ಮ ಭಾರತದ ಲೈಸೆನ್ಸನ್ನು ಹಾಗೇ ಬದಲಾಯಿಸಿ ಕೊಡುವುದಿಲ್ಲ, ಟೆಸ್ಟ್ ಪಾಸಾಗಲೇಬೇಕು, ಕ್ಲಾಸು ಟೆಸ್ಟು ಸೇರಿ ಕೆಲವು ಸಾವಿರ ದಿರಂ ಹೋಗುತ್ತದೆ. ಸಾಲಿಕ್ ಟೋಲ್ 2025ರ ಜನವರಿ ಕೊನೆಯಿಂದ ದಟ್ಟಣೆಯ ಹೊತ್ತಿನಲ್ಲಿ 6 ದಿರಂ, ಉಳಿದ ಹೊತ್ತು 4, ರಾತ್ರಿ ಒಂದರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಉಚಿತ. ಮೊದಲ ವರ್ಷ ಕಾರು ಬೇಡ.

---

ಇಬ್ಬರು ಮಕ್ಕಳ ಅಮ್ಮ:

ಅಣ್ಣ, ಬಾಡಿಗೆಗಿಂತ ಮೊದಲು ಸ್ಕೂಲು ನೋಡಿ. ಮನೆ ಎಲ್ಲಿ ಬೇಕಾದರೂ ಸಿಗುತ್ತದೆ, ಫೀಸು ಕಡಿಮೆ ಇರುವ ಒಳ್ಳೆ ಇಂಡಿಯನ್ ಸ್ಕೂಲಿನಲ್ಲಿ ಸೀಟು ಸಿಗುವುದೇ ಕಷ್ಟ. ಪ್ರತಿ ಖಾಸಗಿ ಸ್ಕೂಲಿನ ಒಪ್ಪಿಗೆ ಪಡೆದ ಫೀಸು ಎಷ್ಟು ಅಂತ ದುಬೈನ ಖಾಸಗಿ ಸ್ಕೂಲುಗಳನ್ನು ನೋಡಿಕೊಳ್ಳುವ ಕೆಎಚ್‌ಡಿಎ ಅನ್ನುವ ಸರ್ಕಾರಿ ಸಂಸ್ಥೆಯ ವೆಬ್‌ಸೈಟಿನಲ್ಲೇ ಕ್ಲಾಸುವಾರು ಇರುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ಇಂಡಿಯನ್ ಸ್ಕೂಲುಗಳಲ್ಲೇ ವರ್ಷಕ್ಕೆ ಐದಾರು ಸಾವಿರದಿಂದ ಹಿಡಿದು ಅದರ ಹಲವು ಪಟ್ಟಿನವರೆಗೂ ಇದೆ. ಬಸ್ಸು ಬೇರೆ, ಪುಸ್ತಕ ಬೇರೆ, ಯೂನಿಫಾರ್ಮ್ ಬೇರೆ. ಬಸ್ಸಿಗೇ ಒಬ್ಬ ಮಗುವಿಗೆ ವರ್ಷಕ್ಕೆ ನಾಲ್ಕು ಸಾವಿರದಷ್ಟು ಆಗುತ್ತದೆ. ನೀವು ಹಾಕಿದ 1,500 ಸಾಲದು. ಕಡಿಮೆ ಫೀಸಿನ ಸ್ಕೂಲಿಗೆ ಸೇರಿಸಿದರೂ ಇಬ್ಬರಿಗೂ ಸೇರಿ ವರ್ಷಕ್ಕೆ 27,000 ಇಟ್ಟುಕೊಳ್ಳಿ.

ಇಂಡಿಯನ್ ಸ್ಕೂಲುಗಳು ಶುರುವಾಗುವುದು ಏಪ್ರಿಲ್‌ನಲ್ಲಿ. ಹಾಗಾಗಿ ನೀವು ಜನವರಿಯಲ್ಲಿ ಬನ್ನಿ, ಮಗಳು ಅಲ್ಲೇ ಪರೀಕ್ಷೆ ಮುಗಿಸಿ ಬರಲಿ. ಅರ್ಜಿ ಮಾತ್ರ ಈಗಲೇ ಹಾಕಿ.

ಕಾಗದ ಪತ್ರ ಬೆಂಗಳೂರಿನಲ್ಲಿ ಇರುವಾಗಲೇ ಮುಗಿಸಿ. ಮದುವೆ ಸರ್ಟಿಫಿಕೇಟು, ಮಕ್ಕಳ ಜನನ ಪ್ರಮಾಣಪತ್ರಕ್ಕೆ ರಾಜ್ಯದ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ, ಆಮೇಲೆ ಯುಎಇ ರಾಯಭಾರ ಕಚೇರಿಯಲ್ಲಿ ಅಟೆಸ್ಟೇಶನ್ ಆಗಬೇಕು. ಬರೀ ಅಪೋಸ್ಟಿಲ್ (ವಿದೇಶಾಂಗ ಸಚಿವಾಲಯ ಅಂಟಿಸುವ ದೃಢೀಕರಣ ಚೀಟಿ) ಮಾಡಿಸಿಕೊಂಡು ಬಂದರೆ ಇಲ್ಲಿ ನಡೆಯುವುದಿಲ್ಲ. ಮಗಳ ಟಿಸಿಗೂ ಏನೇನು ಅಟೆಸ್ಟೇಶನ್ ಬೇಕು ಅಂತ ಸೇರಿಸುವ ಸ್ಕೂಲಿನಲ್ಲಿ ಕೇಳಿಕೊಂಡೇ ಅಲ್ಲಿಂದ ಹೊರಡಿ. ನಿಮ್ಮ ಮನೆಯವರ ಡಿಗ್ರಿ, ಬಿ.ಎಡ್. ಕೂಡ ಅಟೆಸ್ಟ್ ಮಾಡಿಸಿಬಿಡಿ. ಟೀಚರ್ ಅಂತೀರಿ, ಇಲ್ಲಿ ಕೆಲಸ ಸಿಕ್ಕರೆ ಕೆಲವು ಸ್ಕೂಲುಗಳಲ್ಲಿ ಸಿಬ್ಬಂದಿ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ ಇರುತ್ತದೆ. ಆದರೆ ಆ ಸಂಬಳವನ್ನು ಮೊದಲ ವರ್ಷದ ಲೆಕ್ಕಕ್ಕೆ ಸೇರಿಸಲೇಬೇಡಿ.

ಅಡುಗೆ ಸಾಮಾನಿನ ಚಿಂತೆ ಬೇಡ. ಸೋನಾಮಸೂರಿ, ರಾಗಿ ಹಿಟ್ಟು, ಕುಚ್ಚಲಕ್ಕಿ ಎಲ್ಲಾ ಲುಲುನಲ್ಲಿ, ನೆಸ್ಟೋನಲ್ಲಿ ಸಿಗುತ್ತವೆ. ಮನೆಯಲ್ಲೇ ಮಾಡಿಕೊಂಡರೆ 2,000 ಸಾಕು. ವಾರಕ್ಕೆರಡು ಸಲ ಹೊರಗೆ ತಿಂದರೆ ಸಾಲದು.

ಇನ್ನೊಂದು ಮಾತು, ದುಡ್ಡಿನದಲ್ಲ. ಕೆಲಸ ಮಾಡಿಕೊಂಡಿದ್ದ ಹೆಣ್ಣುಮಗಳು ಒಮ್ಮೆಲೇ ಮನೆಯೊಳಗೆ ಕೂತರೆ ತುಂಬಾ ಕಷ್ಟ ಆಗುತ್ತದೆ. ಐದು ಸಾವಿರ ಉಳಿಯುತ್ತದೆ ಅಂತ ಬಸ್ಸು ಮೆಟ್ರೋ ಇಲ್ಲದ ಮೂಲೆಯಲ್ಲಿ ಮನೆ ಮಾಡಬೇಡಿ. ಅವರು ಒಬ್ಬರೇ ಮಕ್ಕಳನ್ನು ಕರೆದುಕೊಂಡು ಪಾರ್ಕಿಗೆ, ಅಂಗಡಿಗೆ ನಡೆದು ಹೋಗುವ ಹಾಗಿರಬೇಕು.

---

ಲೆಕ್ಕಪತ್ರ:

ನಾನು ಊರಿನ ಕಡೆಯ ಲೆಕ್ಕ ಹೇಳುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ.

ಜನವರಿಯಲ್ಲಿ ಹೊರಟರೆ ಈ ಹಣಕಾಸು ವರ್ಷದಲ್ಲಿ ನೀವು 182 ದಿನಕ್ಕಿಂತ ಜಾಸ್ತಿ ಭಾರತದಲ್ಲೇ ಇದ್ದ ಹಾಗಾಯಿತು. ಅಂದರೆ ಈ ವರ್ಷಕ್ಕೆ ನೀವು ಎನ್‌ಆರ್‌ಐ ಅಲ್ಲ. ಮಾರ್ಚ್‌ವರೆಗೆ ದುಬೈನಲ್ಲಿ ಬರುವ ಸಂಬಳವೂ ಇಲ್ಲಿನ ರಿಟರ್ನ್‌ನಲ್ಲಿ ಬರುತ್ತದೆ. ಅಲ್ಲಿ ಟ್ಯಾಕ್ಸ್ ಇಲ್ಲ ಅಂತ ಇಲ್ಲೂ ಇಲ್ಲ ಅಂದುಕೊಳ್ಳಬೇಡಿ, ಸಿಎ ಹತ್ತಿರ ಒಮ್ಮೆ ಕೂತು ಮಾತಾಡಿ. ಏಪ್ರಿಲ್‌ನಿಂದ ಆ ಚಿಂತೆ ಇರುವುದಿಲ್ಲ. ಸೇರುವ ದಿನ ಮುಂದೂಡಲು ಕಂಪನಿ ಒಪ್ಪುತ್ತದಾ ಕೇಳಿ ನೋಡಿ.

ಫ್ಲಾಟಿನ ಬಾಡಿಗೆ ವಿಷಯ. ಓನರ್ ಎನ್‌ಆರ್‌ಐ ಆದರೆ ಬಾಡಿಗೆದಾರ 30% ಟಿಡಿಎಸ್ ಹಿಡಿಯಬೇಕು, ಸೆಸ್ ಸೇರಿ 31.2%. 26,000ದಲ್ಲಿ ಕೈಗೆ ಬರುವುದು 18,000ದ ಹತ್ತಿರ. ರಿಟರ್ನ್ ಹಾಕಿ ಜಾಸ್ತಿ ಹಿಡಿದದ್ದನ್ನು ವಾಪಸ್ ಪಡೆಯಬಹುದು, ಆದರೆ ತಿಂಗಳ ಇಎಂಐಗೆ ಅದು ಸಹಾಯ ಆಗುವುದಿಲ್ಲ. ಆದ್ದರಿಂದ ಇಎಂಐಗೆ ಪ್ರತಿ ತಿಂಗಳು 28,000 ರೂಪಾಯಿ ಅಲ್ಲಿಂದಲೇ ಕಳಿಸಬೇಕು ಅಂತ ಬರೆದುಕೊಳ್ಳಿ. ಈಗಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಎನ್‌ಆರ್‌ಐಗಳ ಊರಿನ ಆದಾಯದ ಖಾತೆ) ಮಾಡಿಸಿ, ಅಲ್ಲಿಂದ ದುಡ್ಡು ಕಳಿಸಲು ಎನ್‌ಆರ್‌ಇ ಖಾತೆ ತೆರೆಯಿರಿ.

ಇನ್ನು ಬೇಸಿಕ್ 7,000 ತುಂಬಾ ಕಡಿಮೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ನಿಂತಿರುತ್ತದೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. ಕೆಲಸ ಹೋದರೆ ಸಿಗುವ ಇನ್ಶೂರೆನ್ಸ್ ಹಣವೂ ಬೇಸಿಕ್‌ನ 60%, ಗರಿಷ್ಠ ಮೂರು ತಿಂಗಳು, ಅದೂ ಕನಿಷ್ಠ ಹನ್ನೆರಡು ತಿಂಗಳು ಕಂತು ಕಟ್ಟಿರಬೇಕು. ಒಟ್ಟು ಸಂಬಳ ಏರಿಸದಿದ್ದರೂ ಪರವಾಗಿಲ್ಲ, ಬೇಸಿಕ್ ಏರಿಸಿ ಅಂತ ಕೇಳಿ.

---

ಯಲಹಂಕದವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಹೆಂಡತಿ ಜೊತೆ ಕೂತು ಮತ್ತೆ ಲೆಕ್ಕ ಹಾಕಿದೆವು. 80,000ದ ಮನೆಗೆ ತಿಂಗಳಿಗೆ 6,670, ಹೌಸಿಂಗ್ ಫೀ 333, ಕರಂಟು ನೀರು 600, ಇಂಟರ್‌ನೆಟ್ ಮೊಬೈಲ್ 550, ಸ್ಕೂಲು 2,250, ಊಟ 2,000, ಮೆಟ್ರೋ ಪಾಸ್ 350, ಇನ್ಶೂರೆನ್ಸ್ ಮತ್ತು ವೀಸಾ ನವೀಕರಣಕ್ಕೆ ಎತ್ತಿಡುವುದು 550, ಊರಿಗೆ ಬರುವ ಟಿಕೆಟ್ಟಿಗೆ 500, ಇಎಂಐಗೆ ಕಳಿಸುವುದು 1,170. ಒಟ್ಟು 15,000ದ ಹತ್ತಿರ. ಉಳಿಯುವುದು 1,000. ಕಾಯಿಲೆ ಕಸಾಲೆ, ಹಬ್ಬ, ಬಟ್ಟೆ ಯಾವುದೂ ಇದರಲ್ಲಿ ಇಲ್ಲ. ಭಾವ ಹೇಳಿದ್ದು ಸುಮ್ನೆ ಅಲ್ಲ ಅಂತ ಈಗ ಗೊತ್ತಾಗುತ್ತಿದೆ.

60,000ಕ್ಕೆ ಒಂದು ಬೆಡ್‌ರೂಮಿನ ಮನೆ ಸಿಕ್ಕರೆ ತಿಂಗಳಿಗೆ 2,700 ಉಳಿಯುತ್ತದೆ. ಮಕ್ಕಳು ಚಿಕ್ಕವರು, ಎರಡು ವರ್ಷ ಹೊಂದಿಕೊಳ್ಳಬಹುದು ಅಂತ ಹೆಂಡತಿ ಅನ್ನುತ್ತಾಳೆ. ಒಂದೇ ಭಯ, ಮುಂದಿನ ವರ್ಷ ಓನರ್ ಬಾಡಿಗೆ ಸಿಕ್ಕಾಪಟ್ಟೆ ಏರಿಸಿದರೆ? ಮತ್ತೆ ಕಂಪನಿ ಹತ್ತಿರ ಇನ್ನೇನು ಕೇಳಬಹುದು?

---

ಕುಡ್ಲ ಟು ಕುಸೈಸ್:

ಬಾಡಿಗೆ ಮನಸ್ಸಿಗೆ ಬಂದ ಹಾಗೆ ಏರಿಸಲು ಆಗುವುದಿಲ್ಲ. ದುಬೈನಲ್ಲಿ 2013ರ ಒಂದು ಆದೇಶ ಇದೆ. ನಿಮ್ಮ ಬಾಡಿಗೆ ಆ ಜಾಗದ ಸರಾಸರಿಗಿಂತ 10%ವರೆಗೆ ಮಾತ್ರ ಕಡಿಮೆ ಇದ್ದರೆ ಏರಿಸುವಂತಿಲ್ಲ. ಅದಕ್ಕಿಂತ ಕಡಿಮೆ ಇದ್ದರೆ ಹಂತ ಹಂತವಾಗಿ 5%ರಿಂದ 20%ವರೆಗೆ ಏರಿಸಬಹುದು. ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟ್‌ನ ರೆಂಟಲ್ ಇಂಡೆಕ್ಸ್‌ನಲ್ಲಿ ನಿಮ್ಮ ಮನೆಯ ಲೆಕ್ಕ ನೀವೇ ನೋಡಬಹುದು. ಏರಿಸುವುದಾದರೆ ಕರಾರು ಮುಗಿಯುವ 90 ದಿನ ಮೊದಲು ಓನರ್ ತಿಳಿಸಬೇಕು. ಮಾರಲು ಅಥವಾ ಸ್ವಂತಕ್ಕೆ ಬೇಕು ಅಂತ ಬಿಡಿಸುವುದಾದರೆ ಹನ್ನೆರಡು ತಿಂಗಳ ನೋಟಿಸು, ಅದೂ ನೋಟರಿ ಅಥವಾ ರಿಜಿಸ್ಟರ್ಡ್ ಅಂಚೆಯ ಮೂಲಕ. ವಾಟ್ಸಾಪ್ ಮೆಸೇಜು ಸಾಲದು. ಇದಕ್ಕೆಲ್ಲ ಎಜಾರಿ ನಿಮ್ಮ ಹೆಸರಿನಲ್ಲಿ ಇರಲೇಬೇಕು.

ಚೆಕ್ ವಿಷಯದಲ್ಲಿ ಹುಷಾರು. 2022ರಿಂದ ಕಾನೂನು ಬದಲಾಗಿ, ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ವಾಪಸ್ ಬಂದರೆ ಹಿಂದಿನ ಹಾಗೆ ನೇರ ಕ್ರಿಮಿನಲ್ ಕೇಸ್ ಆಗುವುದಿಲ್ಲ, ಆದರೆ ಅದೇ ಚೆಕ್ ಹಿಡಿದು ಕೋರ್ಟಿನಲ್ಲಿ ನೇರ ವಸೂಲಿಗೆ ಹೋಗಬಹುದು. ಮುಂದಿನ ಚೆಕ್‌ನ ದುಡ್ಡನ್ನು ಪ್ರತಿ ತಿಂಗಳು ಬೇರೆ ಖಾತೆಯಲ್ಲಿ ಎತ್ತಿಡಿ, ಮುಟ್ಟಬೇಡಿ.

ಕಂಪನಿ ಹತ್ತಿರ ನಾಲ್ಕು ಜನರ ವಾರ್ಷಿಕ ಟಿಕೆಟ್ ಕೇಳಿ. ಸ್ಕೂಲುಗಳಿಗೆ ರಜೆ ಜುಲೈ ಆಗಸ್ಟ್‌ನಲ್ಲಿ, ಆಗ ಮಂಗಳೂರಿಗಾಗಲಿ ಬೆಂಗಳೂರಿಗಾಗಲಿ ಟಿಕೆಟ್ ದರ ಮೈಮೇಲೆ ಬೀಳುತ್ತದೆ. ಅದಕ್ಕಿಂತ ಮುಖ್ಯ, ಮೊದಲ ವರ್ಷದ ಬಾಡಿಗೆಯನ್ನು ಕಂಪನಿ ಮುಂಗಡ ಕೊಟ್ಟು ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದುಕೊಳ್ಳಲು ಒಪ್ಪುತ್ತದಾ ಕೇಳಿ. ಎಷ್ಟೋ ಕಂಪನಿಗಳು ಕೇಳಿದರೆ ಕೊಡುತ್ತವೆ, ಕಂಪನಿಗೆ ಬಡ್ಡಿ ಬಿಟ್ಟರೆ ಬೇರೆ ಖರ್ಚಿಲ್ಲ. ಅದು ಸಿಕ್ಕರೆ ಒಂದೇ ಚೆಕ್‌ನಲ್ಲಿ ಕೊಡುತ್ತೇನೆ ಅಂತ ಓನರ್ ಹತ್ತಿರ ಬಾಡಿಗೆ ಇಳಿಸಿಕೊಳ್ಳಬಹುದು. ಬಾಯಿಮಾತಿನಲ್ಲಿ ಒಪ್ಪಿದರೆ ಆಗಲಿಲ್ಲ, ಆಫರ್ ಲೆಟರ್‌ನಲ್ಲಿ ಬರೆಸಿಕೊಂಡ ಮೇಲೆಯೇ ಅಲ್ಲಿ ರಾಜೀನಾಮೆ ಕೊಡಿ.