ಅಪ್‌ಡೇಟ್: ಊಟ ಬಿಟ್ಟಿದ್ದ ನಾಯಿಗೆ ಇದ್ದದ್ದು ಉಣ್ಣಿ ಜ್ವರ
ಜ್ವರದಿಂದ ಊಟ ಬಿಟ್ಟಿದ್ದ ನಮ್ಮ ನಾಯಿಯನ್ನು ಸೋಮವಾರ ಪಶುವೈದ್ಯರು ನೋಡುವವರೆಗೆ ಹೇಗೆ ಉಪಚರಿಸಬೇಕೆಂದು ಕಳೆದ ವಾರ ಕೇಳಿದ್ದೆ. ಸಲಹೆಗಳಲ್ಲಿ ನಿಜಕ್ಕೂ ನೆರವಾದದ್ದು ಆಗಾಗ ಸ್ವಲ್ಪ ಸ್ವಲ್ಪವೇ ನೀರು ಕುಡಿಸಿದ್ದು ಮತ್ತು ವಸಡಿನ ಬಣ್ಣವನ್ನು ಗಮನಿಸುತ್ತಿದ್ದದ್ದು; ಭಾನುವಾರ ಸಂಜೆ ವಸಡು ಬಿಳಿಚಿಕೊಂಡದ್ದನ್ನು ಕಂಡು, ಸೋಮವಾರಕ್ಕೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ದೆವು. ಸಲಹೆಯಂತೆ ಕೊಟ್ಟ ಮೊಸರನ್ನವನ್ನು ಅದು ಮೂಸಿಯೂ ನೋಡಲಿಲ್ಲ. ಪ್ಯಾರಾಸಿಟಮಾಲ್ ಕೊಡಿ ಎಂದವರ ಮಾತನ್ನು ಕೇಳದಿದ್ದದ್ದು ಒಳ್ಳೆಯದಾಯಿತು, ಏಕೆಂದರೆ ಅದು ನಾಯಿಯ ಯಕೃತ್ತಿಗೂ ಕೆಂಪು ರಕ್ತಕಣಗಳಿಗೂ ಹಾನಿ ಮಾಡಬಲ್ಲದು ಎಂದು ವೈದ್ಯರು ತಿಳಿಸಿದರು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕುಸಿದಿರುವುದೂ ಉಣ್ಣಿಗಳಿಂದ ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕೂ ಪತ್ತೆಯಾದವು. ನಾವು ಮೈಯೆಲ್ಲ ತಡವಿದ್ದರೂ ಕಾಣದಿದ್ದ ಉಣ್ಣಿಗಳು ಕಾಲ್ಬೆರಳುಗಳ ಸಂದಿಯಲ್ಲಿ ಅಡಗಿದ್ದವು! ಈಗ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್‌ನ 28 ದಿನಗಳ ಚಿಕಿತ್ಸೆ ನಡೆಯುತ್ತಿದೆ. ಇಂದು ಬೆಳಿಗ್ಗೆ ತಾನಾಗಿಯೇ ಬಂದು ತಟ್ಟೆಯನ್ನು ನೆಕ್ಕಿತು.