ಅಜ್ಜನ ಕಂಪ್ಯೂಟರ್ ಗುಜರಿಗೆ ಹೋಗಬೇಕೇ?

ಹಿರಿಯ ಮಗ: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿರುವುದರಿಂದ ಹಳೆಯ ಕಂಪ್ಯೂಟರುಗಳೆಲ್ಲ ನಿರುಪಯುಕ್ತವೆಂದು ನನಗೆ ಬಂದ ಒಂದು ಸಂದೇಶ ಹೇಳುತ್ತದೆ. ಅಪ್ಪನಿಗೆ ಹೊಸದನ್ನು ಕೊಡಿಸೋಣವೇ?

ಮೊಮ್ಮಗಳು: ಆ ಸಂದೇಶದಲ್ಲಿ ಅರ್ಧ ಮಾತ್ರ ನಿಜ. ನಿಂತದ್ದು ಮಾಮೂಲಿ ಭದ್ರತಾ ಅಪ್‌ಡೇಟು, ಯಂತ್ರವಲ್ಲ. ಅಜ್ಜನದು ಆರನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್ ಆದ್ದರಿಂದ ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿ ಅದಿಲ್ಲ. ಆದರೆ ಅದರ 4 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್‌ಗೆ ಬದಲಾಗಿ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಹಗುರ ಆವೃತ್ತಿಯಾದ ಎಕ್ಸ್‌ಎಫ್‌ಸಿಇ ಸಲೀಸಾಗಿ ನಡೆಯುತ್ತದೆ. ಉಬುಂಟು 24.04 ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯನ್ನು ಆಧರಿಸಿದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟುಗಳು ಬರುತ್ತವೆ.

ಅಳಿಯ: ಪುಕ್ಕಟೆ ಸಿಕ್ಕಿತೆಂದು ಕಣ್ಣು ಮುಚ್ಚಿ ಹಾಕಿಸಲಾಗದು. ಸಂಘದ ನಡಾವಳಿಗಳನ್ನೆಲ್ಲ ಮಾವ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ನುಡಿ ವಿಂಡೋಸ್‌ಗಾಗಿ ಮಾಡಿದ್ದು. ಲಿನಕ್ಸ್‌ನಲ್ಲಿ ಅವು ತೆರೆಯದಿದ್ದರೆ ಹೊಣೆ ಯಾರದು?

ಮೊಮ್ಮಗಳು: ಈ ಆಕ್ಷೇಪಕ್ಕೆ ತೂಕವಿದೆ. ಹಳೆಯ ನುಡಿ ಕಡತಗಳಲ್ಲಿ ಇರುವುದು ಯೂನಿಕೋಡ್ ಕನ್ನಡವಲ್ಲ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಸಾರ್ವತ್ರಿಕ ಪದ್ಧತಿಯದಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ನುಡಿ 01 ಇ ಫಾಂಟ್ ಕನ್ನಡದ ರೂಪ ತೊಡಿಸುತ್ತದೆ, ಅಷ್ಟೆ. ಆ ಫಾಂಟನ್ನು ಲಿನಕ್ಸ್‌ಗೆ ನಕಲು ಮಾಡಿದರೆ ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಓದಲು ಸಾಮಾನ್ಯವಾಗಿ ತೊಂದರೆಯಾಗದು. ಹೊಸದಾಗಿ ಬರೆಯಲು ಲಿನಕ್ಸ್‌ನ ಟೈಪಿಂಗ್ ಸಾಧನವಾದ ಐಬಸ್‌ನಲ್ಲಿ ನುಡಿಯ ಕಗಪ ಕೀಲಿಮಣೆ ವಿನ್ಯಾಸವೇ ಇರುವುದರಿಂದ ಅಜ್ಜನ ಬೆರಳುಗಳು ಹೊಸದೇನನ್ನೂ ಕಲಿಯಬೇಕಿಲ್ಲ. ಆದರೆ ಹೊಸ ಬರಹ ಯೂನಿಕೋಡಿನಲ್ಲಿ ಮೂಡುತ್ತದೆ; ಹಳೆಯ ನಡಾವಳಿಯನ್ನು ತಿದ್ದಬೇಕಾದರೆ ಮೊದಲು ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿವೆಯೇ ಎಂದು ಕಣ್ಣಾರೆ ನೋಡಬೇಕು. ಬೇಸರದ ಕೆಲಸವೇ, ಆದರೆ ಹೊಸ ಕಂಪ್ಯೂಟರ್ ಕೊಂಡರೂ ಒಂದಲ್ಲ ಒಂದು ದಿನ ತಪ್ಪದು.

ಸೊಸೆ: ಹಾಗಾದರೆ ನಮ್ಮ ಅಂಗಡಿಯ ಯಂತ್ರಕ್ಕೂ ಹಾಕೋಣವೇ?

ಮೊಮ್ಮಗಳು: ಬೇಡ ಅತ್ತೆ, ಅಲ್ಲಿ ಟ್ಯಾಲಿ ಇದೆ. ಅದು ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ; ಲೆಕ್ಕಪತ್ರದ ಮೇಲೆ ಪ್ರಯೋಗ ಮಾಡುವುದು ತರವಲ್ಲ.

ಅಳಿಯ: ಪ್ರಿಂಟರ್ ಕೆಲಸ ಮಾಡದಿದ್ದರೆ?

ಮೊಮ್ಮಗಳು: ಅದಕ್ಕೇ ಮೊದಲು ಪೆನ್‌ಡ್ರೈವ್‌ನಿಂದಲೇ ಮಿಂಟ್ ಚಾಲೂ ಮಾಡಿ ನೋಡೋಣ. 'ಇನ್‌ಸ್ಟಾಲ್' ಒತ್ತದಿದ್ದರೆ ಹಾರ್ಡ್ ಡಿಸ್ಕಿನಲ್ಲಿರುವ ವಿಂಡೋಸ್ ಹಾಗೆಯೇ ಉಳಿಯುತ್ತದೆ. ಪೆನ್‌ಡ್ರೈವ್‌ನಿಂದ ನಡೆಸುವಾಗ ತುಸು ನಿಧಾನವೆನಿಸುವುದು ಸಹಜ. ಅದನ್ನು ನೋಡಿ ತೀರ್ಪು ಕೊಡಬೇಡಿ.

ಅಜ್ಜ: ಭಾನುವಾರ ಪೆನ್‌ಡ್ರೈವ್ ತಾ ಮಗಳೇ, ಜೊತೆಗೆ ಕಡತಗಳ ನಕಲಿಗೆ ಇನ್ನೊಂದು ಇರಲಿ. 2009ರ ಮಹಾಸಭೆಯ ನಡಾವಳಿಯಲ್ಲಿ ಒತ್ತಕ್ಷರಗಳು ಹೆಚ್ಚು. ಮೊದಲು ಅದನ್ನೇ ತೆರೆದು ನೋಡುತ್ತೇನೆ.