ಮನೆಯಲ್ಲಿ ಕಟ್ಟಿದ ಜಾಯ್‌ಸ್ಟಿಕ್: ಕೈ ಬಿಟ್ಟರೆ ಸೊನ್ನೆಗೆ ಬರಲ್ಲ, ಶ್ರುತಿಯೂ ಕುಸಿಯುತ್ತದೆ

ಡೊಂಬಿವಲಿ_ವೈರ್:
ನಮಸ್ಕಾರ. ಬಿಡಿ ಭಾಗಗಳನ್ನು ವೈರ್‌ನಿಂದ ಜೋಡಿಸಿ ನುಡಿಸುವ ಮಾಡ್ಯುಲರ್ ಸಿಂಥ್‌ಗೆ ಜಾಯ್‌ಸ್ಟಿಕ್ ಕಂಟ್ರೋಲರ್ ಕಟ್ಟುತ್ತಿದ್ದೇನೆ. ಹಳೆಯ ಆರ್‌ಸಿ ವಿಮಾನದ ರಿಮೋಟ್‌ನಿಂದ ಕಿತ್ತ ಸ್ಟಿಕ್, ಒಳಗೆ 5ಕೆ ಪಾಟ್ (ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಭಾಗ) ಎರಡು. ಪಾಟ್‌ನ ಒಂದು ತುದಿ ನನ್ನ ಸಿಂಥ್‌ನ ಚೌಕಟ್ಟಾದ ಯೂರೋರ್‍ಯಾಕ್‌ನ +12ಕ್ಕೆ, ಇನ್ನೊಂದು -12ಕ್ಕೆ, ನಡುವಿನ ಕಾಲು ಸೀದಾ ಜ್ಯಾಕ್‌ಗೆ. ಇಷ್ಟೇ ಸರ್ಕ್ಯೂಟ್. ಬೇಕಿರುವುದು -5 ರಿಂದ +5 ವೋಲ್ಟ್. ಬರುತ್ತಿರುವುದು ಪೂರ್ತಿ ಎಡಕ್ಕೆ -1.8, ಪೂರ್ತಿ ಬಲಕ್ಕೆ +3, ಕೈ ಬಿಟ್ಟರೆ +0.6. ಸಾಲದ್ದಕ್ಕೆ, ಸ್ವರಗಳನ್ನು ಸಾಲಾಗಿ ನುಡಿಸುವ ಸೀಕ್ವೆನ್ಸರ್‌ನ ಎಲ್‌ಇಡಿ ಮಿನುಗಿದಾಗಲೆಲ್ಲ ಸ್ವರ ಹುಟ್ಟಿಸುವ ಆಸಿಲೇಟರ್ ಶ್ರುತಿ ಸ್ವಲ್ಪ ಕುಸಿಯುತ್ತದೆ, ಸ್ಟಿಕ್ ಮುಟ್ಟದಿದ್ದರೂ. ಜ್ಯಾಕ್ ಕಿತ್ತರೆ ಎಲ್ಲ ಸರಿ. ಪಾಟ್ ಹಾಳಾಗಿದೆಯಾ? ಮುಂಬೈನ ಎಲೆಕ್ಟ್ರಾನಿಕ್ಸ್ ಬಜಾರ್ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ ಬೇರೆ ತರಬೇಕಾ?

ಪುಣೆ_ಬೆಸುಗೆ:
ಪಾಟ್ ಚೆನ್ನಾಗಿಯೇ ಇದೆ ನೋಡ್ರಿ. ಮಾಮೂಲಿ ಪಾಟ್ ಸುಮಾರು 300 ಡಿಗ್ರಿ ತಿರುಗುತ್ತದೆ, ಸ್ಟಿಕ್ ಓಡಾಡುವುದು 60 ಡಿಗ್ರಿ ಆಸುಪಾಸು. ಅಂದರೆ ಐದರಲ್ಲಿ ಒಂದು ಪಾಲು. 24 ವೋಲ್ಟ್‌ನಲ್ಲಿ ಐದನೇ ಒಂದು 4.8, ನಿಮ್ಮ ಮೀಟರ್ ಹೇಳುತ್ತಿರುವುದೂ ಅದನ್ನೇ, ಅಲ್ವಾ?

ಶ್ರುತಿ ಕುಸಿಯುವುದಕ್ಕೆ ಕಾರಣ +12ರ ಲೈನ್. ಎಲ್‌ಇಡಿ ಹತ್ತಿದಾಗ ಅದು 50 ಮಿಲಿವೋಲ್ಟ್ ಇಳಿದರೂ ಪಾಟ್‌ನ ನಡುವೆ 25 ಇಳಿಯುತ್ತದೆ. ಒಂದು ಆಕ್ಟೇವ್‌ಗೆ 1 ವೋಲ್ಟ್ ಲೆಕ್ಕದಲ್ಲಿ ಒಂದು ಸೆಮಿಟೋನ್ (ಆಕ್ಟೇವ್‌ನ ಹನ್ನೆರಡನೇ ಒಂದು ಪಾಲು) ಅಂದರೆ 83 ಮಿಲಿವೋಲ್ಟ್. ಹಾಗಾಗಿ ಕಾಲು ಸೆಮಿಟೋನ್‌ಗಿಂತ ಜಾಸ್ತಿಯೇ ಜಾರುತ್ತದೆ, ಯಾರ ಕಿವಿಗಾದರೂ ಗೊತ್ತಾಗುತ್ತದೆ.

ಪಾಟ್‌ಗೆ 12 ಕೊಡಬೇಡಿ. 78ಎಲ್05, 79ಎಲ್05 (ವೋಲ್ಟೇಜ್ ಸ್ಥಿರವಾಗಿ ಇಡುವ ರೆಗ್ಯುಲೇಟರ್‌ಗಳು) ಹಾಕಿ +5, -5 ಮಾಡಿಕೊಳ್ಳಿ. ಎರಡರ ಕಾಲುಗಳ ಕ್ರಮ ಬೇರೆ ಬೇರೆ, ಡೇಟಾಶೀಟ್ ನೋಡಿಯೇ ಬೆಸುಗೆ ಹಾಕಿ. ಆಗ ಪಾಟ್‌ನಿಂದ ಹೆಚ್ಚುಕಡಿಮೆ 2 ವೋಲ್ಟ್ ಅಗಲ ಸಿಗುತ್ತದೆ, ಅದನ್ನು ಐದು ಪಟ್ಟು ಮಾಡಬೇಕು. ಒಂದು ಟಿಎಲ್074 ಸಾಕು, ಅದರಲ್ಲಿ ನಾಲ್ಕು ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್) ಇವೆ. ಪ್ರತಿ ಪಾಟ್‌ಗೆ ಮೊದಲು ಒಂದು ಬಫರ್ (ಪಾಟ್ ಮೇಲೆ ಭಾರ ಬೀಳದಂತೆ ವೋಲ್ಟೇಜ್ ಹಾಗೆಯೇ ದಾಟಿಸುವುದು), ಆಮೇಲೆ ಇನ್ವರ್ಟಿಂಗ್ ಆಂಪ್ (ದಿಕ್ಕು ಉಲ್ಟಾ ಮಾಡಿ ಹಿಗ್ಗಿಸುವುದು): ಒಳಗೆ ಬರುವ ರೆಸಿಸ್ಟರ್ 20ಕೆ, ಫೀಡ್‌ಬ್ಯಾಕ್ 100ಕೆ. ಜ್ಯಾಕ್‌ಗೆ ಮುಂಚೆ 1ಕೆ ಇರಲಿ, ಪ್ಯಾಚ್ ವೈರ್ ತಪ್ಪಿ ಶಾರ್ಟ್ ಆದರೆ ಚಿಪ್ ಉಳಿಯುತ್ತದೆ. ದಿಕ್ಕು ಉಲ್ಟಾ ಆಯಿತು ಅಂತ ಇನ್ನೊಂದು ಆಪ್-ಆಂಪ್ ಹುಡುಕಬೇಡಿ, ಪಾಟ್‌ನ ಎರಡು ತುದಿಯ ವೈರ್ ಅದಲು ಬದಲು ಮಾಡಿದರೆ ಮುಗಿಯಿತು.

ಘಾಟ್‌ಕೋಪರ್_ಗುಂಗು:
ಇಷ್ಟೆಲ್ಲ ಯಾಕೆ ಮಾರಾಯ್ರೆ, ಒಂದು ಆರ್ಡುಯಿನೋ (ಕೋಡ್ ಬರೆದು ನಡೆಸುವ ಸಣ್ಣ ಬೋರ್ಡ್) ಹಾಕಿ ಕೋಡ್‌ನಲ್ಲೇ ಸರಿ ಮಾಡಬಹುದಲ್ಲ? ಮಧ್ಯದ ಸೊನ್ನೆಯೂ ಅಲ್ಲೇ ಸಿಗುತ್ತದೆ.

ಪುಣೆ_ಬೆಸುಗೆ:
ಮಾಡಬಹುದು, ಬೇಡ ಅನ್ನಲ್ಲ. ಆದರೆ ಆರ್ಡುಯಿನೋ ಊನೋದ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) 10 ಬಿಟ್, 1024 ಮೆಟ್ಟಿಲು. 10 ವೋಲ್ಟ್‌ಗೆ ಹಂಚಿದರೆ ಒಂದೊಂದು ಮೆಟ್ಟಿಲೂ ಸುಮಾರು 10 ಮಿಲಿವೋಲ್ಟ್, ಅಂದರೆ 12 ಸೆಂಟ್ (ಒಂದು ಸೆಮಿಟೋನ್‌ಗೆ 100 ಸೆಂಟ್). ಸ್ಟಿಕ್ ನಿಧಾನಕ್ಕೆ ಸರಿಸಿದರೆ ಶ್ರುತಿ ಜಾರುವುದಿಲ್ಲ, ಮೆಟ್ಟಿಲು ಹತ್ತುತ್ತದೆ. ಇಎಮ್‌ಎಸ್‌ನವರ ವಿಸಿಎಸ್3 ಸಿಂಥ್ 1969ರಲ್ಲೇ ಜಾಯ್‌ಸ್ಟಿಕ್ ಇಟ್ಟುಕೊಂಡು ಬಂತು, ಕೋಡ್ ಗೀಡ್ ಏನೂ ಇರಲಿಲ್ಲ.

ಮಧ್ಯದ ಸೊನ್ನೆ ವಿಚಾರ. ಆರ್‌ಸಿ ಸ್ಟಿಕ್‌ಗಳಲ್ಲಿ ಸಾಮಾನ್ಯವಾಗಿ ಪಾಟ್ ಅನ್ನು ಒಂದು ಸಣ್ಣ ಸ್ಕ್ರೂ ಹಿಡಿದಿರುತ್ತದೆ. ಅದನ್ನು ಸಡಿಲ ಮಾಡಿ, ಕೈ ಬಿಟ್ಟ ಸ್ಟಿಕ್‌ಗೆ ಮೀಟರ್ ಇಟ್ಟು, ಸೊನ್ನೆ ಬರುವ ತನಕ ಪಾಟ್‌ನ ಮೈಯನ್ನೇ ತಿರುಗಿಸಿ ಮತ್ತೆ ಬಿಗಿ ಮಾಡಿ. ಚೂರುಪಾರು ಉಳಿದದ್ದಕ್ಕೆ ಮಾತ್ರ ಟ್ರಿಮ್ಮರ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಸಣ್ಣ ಪಾಟ್): ತುದಿಗಳು +5, -5ಕ್ಕೆ, ನಡುವಿನ ಕಾಲಿನಿಂದ 470ಕೆ ಮೂಲಕ ಎರಡನೇ ಆಪ್-ಆಂಪ್‌ನ ಮೈನಸ್ ಇನ್‌ಪುಟ್‌ಗೆ. ಹೀಗೆ ಮಾಡಿದರೆ ಔಟ್‌ಪುಟ್ ಅತ್ತಿತ್ತ ಸುಮಾರು 1 ವೋಲ್ಟ್ ಸರಿಯುತ್ತದೆ, ಸಾಕು. 100ಕೆ ಹಾಕಿದರೆ ಟ್ರಿಮ್ಮರ್ ಮುಟ್ಟಿದ ಕೂಡಲೇ ಎಲ್ಲೆಲ್ಲೋ ಹಾರುತ್ತದೆ.

ಡೊಂಬಿವಲಿ_ವೈರ್:
ಬೆಸುಗೆ ಅಣ್ಣ, ಕೆಲಸ ಆಯಿತು! -4.9 ರಿಂದ +4.8, ಮಧ್ಯದಲ್ಲಿ ಸೊನ್ನೆ. ಎಲ್‌ಇಡಿ ಎಷ್ಟು ಮಿನುಗಿದರೂ ಶ್ರುತಿ ಅಲ್ಲಾಡಲ್ಲ. ಒಂದೇ ಉಳಿದಿದೆ, ಮಧ್ಯದ ಹತ್ತಿರ ಸ್ಟಿಕ್ ಸರಿಸಿದರೆ ಕರಕರ ಅನ್ನುತ್ತದೆ. ಮೊದಲೂ ಇತ್ತೇನೋ, ಈಗ ಜೋರಾಗಿ ಕೇಳುತ್ತಿದೆ.

ಘಾಟ್‌ಕೋಪರ್_ಗುಂಗು:
ಐದು ಪಟ್ಟು ಮಾಡಿದಿರಲ್ಲ, ಕರಕರವೂ ಜೊತೆಗೆ ದೊಡ್ಡದಾಗಿದೆ 😄 ಸ್ಟಿಕ್ ಜಾಸ್ತಿ ಓಡಾಡುವುದೇ ಮಧ್ಯದಲ್ಲಿ, ಕಾರ್ಬನ್ ಪಟ್ಟಿ ಅಲ್ಲೇ ಸವೆಯುತ್ತದೆ. ಮೇಲಿಂದ ನಮ್ಮ ಮುಂಬೈ ಮಳೆಗಾಲದ ತೇವ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸ್ಟಿಕ್ ಚೆನ್ನಾಗಿ ಆಡಿಸಿ. ಬಾಗಿಲ ತಿರುಗಣಿಗೆ ಹಾಕುವ ಎಣ್ಣೆ ಮಾತ್ರ ಬೇಡ, ಧೂಳು ಹಿಡಿಯುತ್ತದೆ.

ಪುಣೆ_ಬೆಸುಗೆ:
ಹೌದು, ಮೊದಲು ಅದೇ ಮಾಡಿ. ಆಮೇಲೂ ಉಳಿದರೆ ಪಾಟ್‌ನ ನಡುವಿನ ಕಾಲಿನಿಂದ ಗ್ರೌಂಡ್‌ಗೆ, ಬಫರ್‌ಗಿಂತ ಮುಂಚೆ, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಫಿಲ್ಮ್ ಅಥವಾ ಸೆರಾಮಿಕ್ ತನ್ನಿ. ಇಲ್ಲಿ ವೋಲ್ಟೇಜ್ ಮೈನಸ್‌ಗೂ ಹೋಗುತ್ತದಲ್ಲ, ಹಾಗಾಗಿ ಮಾಮೂಲಿ ಎಲೆಕ್ಟ್ರೋಲಿಟಿಕ್ ಆಗಲ್ಲ. ಕ್ಲೀನರ್ ಪೂರ್ತಿ ಆರಿದ ಮೇಲೆಯೇ ಪವರ್ ಕೊಡಿ.

ಡೊಂಬಿವಲಿ_ವೈರ್:
ಸರಿ ಅಣ್ಣ. ಇವತ್ತು ಭಾನುವಾರ, ಅಂಗಡಿ ಇಲ್ಲ. ನಾಳೆ ಆಫೀಸಿನಿಂದ ಬರುವಾಗ ಲ್ಯಾಮಿಂಗ್ಟನ್ ರೋಡ್ ಹತ್ತಿರದ ಗ್ರಾಂಟ್ ರೋಡ್‌ನಲ್ಲಿ ಇಳಿದು ಎರಡೂ ತರುತ್ತೇನೆ.